ಕೆರೆ ಕೇಳಿದರೆ ಕುರಿ ಕೊಟ್ಟ ಗೋಡೆ

ಹಳೇ ಟಿಪ್ಪಣಿ ತೋರಿಸುವ ನನ್ನ ಪರದೆಗೆ 'ಗೋಡೆ' ಅಂತ ಹೆಸರು. ಕೆರೆ ಕೇಳಿದರೆ ಅದು ಕುರಿ ತೋರಿಸುತ್ತಿತ್ತು. ನಾಲ್ಕು ವಾರದಿಂದ ಕಾಡುತ್ತಿದ್ದ ಈ ತೊಂದರೆಯ ಬುಡ ನಿನ್ನೆ ರಾತ್ರಿ ಒಂದೂವರೆಗೆ ಸಿಕ್ಕಿತು. ಅಂಗಡಿ ಬಾಗಿಲು ತೆರೆಯೋ ಮೊದಲೇ ಬರೆದಿಡುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ದಾವಣಗೆರೆಯಲ್ಲಿ ನನ್ನದು ಡಿಟಿಪಿ ಕೆಲಸ. ಬಿಡುವಿನಲ್ಲಿ ದಾವಣಗೆರೆ, ಚಿತ್ರದುರ್ಗದ ಕೆರೆ-ಹೊಂಡಗಳ ಬಗ್ಗೆ ಮಕ್ಕಳಿಗಾಗಿ ಒಂದು ಚಿತ್ರನಕ್ಷೆ ಮಾಡುತ್ತಿದ್ದೇನೆ. ಏಳು ವರ್ಷದಲ್ಲಿ 3,140 ಟಿಪ್ಪಣಿ ಸೇರಿವೆ. ಸೂಳೆಕೆರೆ, ಕುಂದವಾಡ ಕೆರೆ, ಕೋಟೆಯ ಅಕ್ಕ-ತಂಗಿ ಹೊಂಡ, 1933 ಆದ ಮೇಲೆ 2022ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ, ಎಲ್ಲ ಇದೆ. ಆದರೆ ಟಿಪ್ಪಣಿ ಜಾಸ್ತಿ ಆದಷ್ಟೂ ಚಿತ್ರ ನಿಂತುಹೋಯಿತು. ಹುಡುಕಿದ್ದು ಸಿಗುತ್ತದೆ. ಹುಡುಕಬೇಕು ಅಂತ ತಲೆಗೇ ಬಾರದ್ದು ಹೇಗೆ ಸಿಗಬೇಕು?

ಅದಕ್ಕೇ ಈ ಗೋಡೆ. ಮೇಜಿನ ಎದುರು ಒಂದು ಹಳೇ ಮಾನಿಟರ್, ಅದರ ಹಿಂದೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್. ನಾನು ಬರೆಯುತ್ತಾ ಹೋದ ಹಾಗೆ ಕೊನೆಯ ಸಾಲಿಗೆ ನಂಟಿರುವ ಮೂರು ಹಳೇ ಟಿಪ್ಪಣಿಗಳನ್ನು ಅದು ತೋರಿಸಬೇಕು. 1945ರಲ್ಲೇ ಅಮೆರಿಕದ ಎಂಜಿನಿಯರ್ ವ್ಯಾನಿವರ್ ಬುಷ್ ಇಂಥದ್ದೊಂದು ಮೇಜಿನ ಕನಸು ಕಂಡು ಮೆಮೆಕ್ಸ್ ಅಂತ ಹೆಸರಿಟ್ಟಿದ್ದರು. ಒಂದು ಬರಹದಿಂದ ಇನ್ನೊಂದಕ್ಕೆ ಜಾಡು ಕಟ್ಟುವ ಯಂತ್ರ ಅದು. ಕಟ್ಟಿದವರಿಲ್ಲ, ಆದರೆ ಆ ಜಾಡಿನ ಮಾತು ನನ್ನನ್ನು ಬಿಟ್ಟಿಲ್ಲ.

ಮಾನಿಟರ್‌ಗೆ ಬೇಕಾದ ಕನ್ವರ್ಟರ್ ಎರಡು ಸಲ ಸತ್ತದ್ದೇ ಬಂತು. ಕಳಿಸಿದವರು ಮೂರನೇ ಸಲ ಫೋನ್ ಎತ್ತಲೇ ಇಲ್ಲ. 650 ರೂಪಾಯಿ ಹೋಯಿತು. ಕಡೆಗೆ ಇಲ್ಲೇ ರಿಪೇರಿ ಅಂಗಡಿಯ ಹುಡುಗನೊಬ್ಬ ತನ್ನ ಡಬ್ಬಿಯಿಂದ ಒಂದು ತೆಗೆದುಕೊಟ್ಟ, ಅದೇ ಓಡುತ್ತಿದೆ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಹುಡುಕಾಟಕ್ಕೆ ಬಳಸಿದ್ದು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್‌ನಲ್ಲಿ ಪಠ್ಯ ಹುಡುಕುವ ಭಾಗ, ಎಫ್‌ಟಿಎಸ್5. 'ಕೆರೆ' ಅಂತ ಬರೆದರೆ ಗೋಡೆ ಮೇಲೆ ಕುರಿ ಬರುತ್ತಿತ್ತು. ಒಮ್ಮೊಮ್ಮೆ ಕಾರು. 'ಹೊಂಡ' ಅಂದರೆ ಹಾಡು! ಆದರೆ 'ಕೆರೆ'ಗೆ 'ಕರೆ' ಮಾತ್ರ ಒಂದು ಸಲವೂ ಬರಲಿಲ್ಲ. ಇದೇ ನನ್ನ ನಿದ್ದೆಗೆಡಿಸಿದ್ದು. ಮೊದಲು 'ನುಡಿ' ತಂತ್ರಾಂಶದ ಹಳೇ ಅಕ್ಷರಗಳಿಂದ ಯೂನಿಕೋಡ್‌ಗೆ ತಂದ ಕಡತಗಳ ಮೇಲೆ ಅನುಮಾನ ಬಂತು. ಅಲ್ಲಿ 'ಹೊ' ಅಕ್ಷರದ ಒತ್ವ ಒಂದೇ ಗುರುತಾಗಿ ಬರುವ ಬದಲು ಎತ್ವ, ಊತ್ವ ಎರಡಾಗಿ ಬಂದಿತ್ತು, ಕಣ್ಣಿಗೆ ಎರಡೂ ಒಂದೇ. ಬಿಡಿ ಗುರುತುಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ಮಾಡಿ ಸರಿಪಡಿಸಿದೆ. ಕುರಿ ಹೋಗಲಿಲ್ಲ.

ನಿನ್ನೆ ಎಫ್‌ಟಿಎಸ್5 ವೊಕ್ಯಾಬ್ ಟೇಬಲ್ ತೆರೆದು, ಒಳಗೆ ಯಾವ ಪದಗಳು ಕೂತಿವೆ ಅಂತ ನೋಡಿದೆ. ಅಲ್ಲಿ ಪದಗಳೇ ಇರಲಿಲ್ಲ. ಕ, ರ, ಹ, ಡ. ಉದ್ದಕ್ಕೂ ಬೋಳು ಅಕ್ಷರಗಳ ಸಾಲು. ಸಾಲನ್ನು ಪದಗಳಾಗಿ ಒಡೆಯುವ ಯೂನಿಕೋಡ್61 ಟೋಕನೈಜರ್ ಅಕ್ಷರ, ಅಂಕಿಗಳನ್ನು ಮಾತ್ರ ಪದದ ಭಾಗ ಅಂತ ಎಣಿಸುತ್ತದೆ. ನಮ್ಮ ಗುಣಿತ ಚಿಹ್ನೆ, ಸೊನ್ನೆ, ಒತ್ತಕ್ಷರದ ವಿರಾಮ, ಇವೆಲ್ಲ ಅದಕ್ಕೆ ಖಾಲಿ ಜಾಗವಿದ್ದ ಹಾಗೆ, ಪದವನ್ನು ಅಲ್ಲೇ ಕತ್ತರಿಸುತ್ತದೆ. 'ಕೆರೆ' ಹೋಗಿ 'ಕ ರ' ಆಯಿತು. ಕುರಿ, ಕಾರು ಕೂಡ 'ಕ ರ'. 'ಕರೆ'ಯಲ್ಲಿ ಮಾತ್ರ ನಡುವೆ ಚಿಹ್ನೆ ಇಲ್ಲ, ಅದು 'ಕರ' ಅಂತ ಇಡಿಯಾಗಿ ಉಳಿದುಕೊಂಡಿತ್ತು. ಎಷ್ಟು ಸರಳ ಅಲ್ವಾ! ಯಾವುದು ಪದದ ಭಾಗ ಅಂತ ಹೇಳುವ ಕೆಟಗರೀಸ್ ಆಯ್ಕೆಗೆ ಈ ಚಿಹ್ನೆಗಳ ಗುಂಪುಗಳಾದ ಎಂಎನ್, ಎಂಸಿ ಸೇರಿಸಿದೆ, ಸಾಫ್ಟ್‌ವೇರ್‌ನಂಥ ಪದಗಳ ನಡುವೆ ಅಡಗಿರುವ ಕಾಣದ ಗುರುತನ್ನು ಮೊದಲೇ ಕಿತ್ತು ಹಾಕಿದೆ. ಕೆರೆಗೆ, ಕೆರೆಯಲ್ಲಿ ಇವು ಸಿಗಲಿ ಅಂತ ಹುಡುಕುವ ಪದದ ಕೊನೆಗೆ ನಕ್ಷತ್ರ (*), ಅಂದರೆ ಮುಂದೆ ಏನು ಸೇರಿದ್ದರೂ ಸರಿ. ಹುಡುಕಾಟದ ಪದಪಟ್ಟಿ, ಅಂದರೆ ಇಡೀ ಸೂಚಿ ಮತ್ತೆ ಕಟ್ಟಿದೆ.

ಈಗ 'ಕೆರೆ' ಅಂದರೆ ಕೆರೆಯೇ ಬರುತ್ತದೆ. ಕುಣಿಯಬೇಕಿತ್ತು. ಒಂದು ಗಂಟೆ ಕೂತು ಬರೆದೆ, ಗೋಡೆ ತೋರಿಸಿದ್ದೆಲ್ಲ ನನಗೆ ಗೊತ್ತಿದ್ದದ್ದೇ.

ಹೋದ ವಾರ ಹೀಗಿರಲಿಲ್ಲ. ಸೂಳೆಕೆರೆ ಬರೆಯುವಾಗ ತಪ್ಪಾಗಿ ಬಂದ ಕುರಿ ಟಿಪ್ಪಣಿ ಹೀಗಿತ್ತು: ಮಂದೆಯನ್ನು ಹೊಲದಲ್ಲಿ ನಿಲ್ಲಿಸಿದ್ದಕ್ಕೆ ರೈತರು ಕುರಿಗಾರರಿಗೆ ಕೊಡುವ ಕಾಳು. ಸುಮ್ನೆ ಓದಿ ಹೇಳಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಾ, "ಕುರಿಗೆ ನೀರು ಬೇಡೇನೋ? ಕೆರೆ ಬಿಟ್ಟು ಎಲ್ಲಿಗೋಗ್ತಾವೆ?" ಅಂದರು. ಅಷ್ಟೇ. ನನ್ನ ನಕ್ಷೆಯಲ್ಲಿ ಕೆರೆಗಳೆಲ್ಲ ಒಂದೊಂದು ನೀಲಿ ಕಲೆಯಾಗಿ ಸತ್ತು ಬಿದ್ದಿದ್ದವು. ಈಗ ಹೊಲದಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ ಮಂದೆಯ ದಾರಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಇಂಗಿದ ಅಂಚಿನ ಒಡೆದ ಮಣ್ಣಿನ ಮೇಲೆ ಗೊರಸಿನ ಗುರುತು, ಪುಟ್ಟ ಪುಟ್ಟದಾಗಿ, ಎರಡೆರಡು ಎಸಳು.

ಹಾಗಾಗಿ ಹಳೇ ಸೂಚಿಯನ್ನು ಅಳಿಸಲಿಲ್ಲ. ಎರಡು ಟಿಪ್ಪಣಿ ಹೊಸದರಿಂದ, ಮೂರನೆಯದು ಆ ಕತ್ತರಿಸಿದ ಸೂಚಿಯಿಂದ. ಅಕ್ಷರದ ಹೊರಮೈ ಹೋಲುವ, ಅರ್ಥದಲ್ಲಿ ದೂರವಿರುವ ಟಿಪ್ಪಣಿ. ಲಾಟರಿ ಎತ್ತಿದ ಹಾಗೆ ಯಾವುದೋ ಒಂದನ್ನು ತರಿಸಿಯೂ ನೋಡಿದ್ದೆ, ಅದು ಕೆಲಸಕ್ಕೆ ಬರಲಿಲ್ಲ. ಸದ್ದು ಹತ್ತಿರವಿದ್ದರೆ ಮನಸ್ಸು ತಾನಾಗೇ ನಂಟು ಹುಡುಕುತ್ತದೆ ಅಂತ ನನಗೆ ಅನ್ನಿಸುತ್ತದೆ. ಇನ್ನೊಂದು ಬದಲಾವಣೆ, ಟೈಪ್ ಮಾಡುವಾಗ ಗೋಡೆ ಅಲ್ಲಾಡುವುದಿಲ್ಲ. ಕೈ 90 ಸೆಕೆಂಡ್ ನಿಂತರೆ ಮಾತ್ರ ಟಿಪ್ಪಣಿ ಬದಲಾಗುತ್ತದೆ. ಮೊದಲು ಪ್ರತಿ ಸಾಲಿಗೂ ಬದಲಾಗಿ ಬರೆಯುವುದೇ ಮರೆತುಹೋಗುತ್ತಿತ್ತು.

ಮುಂದಿನದು ಕಾಗದದ ಚೀಟಿಗಳ ಪೆಟ್ಟಿಗೆ! ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿ ಬರೆದು ಮರದ ಖಾನೆಗಳಲ್ಲಿ ಇಟ್ಟಿದ್ದರು. ನನಗೆ 300 ಸಾಕು. ಮದುವೆ ಕಾರ್ಡ್ ಕತ್ತರಿಸಿ ಉಳಿದ ರಟ್ಟು ಅಂಗಡಿಯಲ್ಲಿ ರಾಶಿ ಬಿದ್ದಿದೆ, ಅಳತೆಯೂ ಸರಿಯಾಗಿದೆ. ತೇಗದ ಖಾನೆಗೆ ಬಡಗಿ ಹೇಳಿದ ರೇಟು ಕೇಳಿ ವಾಪಸ್ ಬಂದೆ, ಹಲಸಿನದು ವಿಚಾರಿಸಬೇಕು.

ಈಗಷ್ಟೇ ಕೈ ನಿಂತಿತ್ತು. 'ಹೊಂಡ'ಕ್ಕೆ ಮೂರನೇ ಟಿಪ್ಪಣಿ ಬಂದಿದೆ: ನೀರು ಸೇದುವಾಗ ಅಜ್ಜಿ ಹೇಳುತ್ತಿದ್ದ ಹಾಡು. 2019ರಲ್ಲಿ ಬರೆದಿಟ್ಟು ಮರೆತಿದ್ದೆ. ಅಕ್ಕ-ತಂಗಿ ಹೊಂಡದ ಪಕ್ಕ ಬಿಟ್ಟಿದ್ದ ಖಾಲಿ ಜಾಗಕ್ಕೆ ಅದರ ಎರಡು ಸಾಲು ಕೂರುತ್ತದಾ ಅಂತ ಅಳೆದು ನೋಡಬೇಕು.