ಮದುವೆಯಾದ ಹನ್ನೊಂದನೇ ದಿನ, ಭಿತರಕನಿಕಾದಲ್ಲಿ

ಹನಿಮೂನ್‌ಗೆ ಒಡಿಶಾ ಅಂದಾಗ ಅತ್ತೆ ಎರಡು ಸಲ ಕೇಳಿದರು, "ಪುರಿಗಾ?" ಅಲ್ಲ, ಭಿತರಕನಿಕಾ ರಾಷ್ಟ್ರೀಯ ಉದ್ಯಾನಕ್ಕೆ, ಮೊಸಳೆ ನೋಡೋಕೆ. ಇವರಿಗೂ ನನಗೂ ಕಾಡಿನ ಹುಚ್ಚು ಒಂದೇ ಥರ.

ಜನವರಿ ಕೊನೆ. ಬೆಳಿಗ್ಗೆ ದೋಣಿ ಹತ್ತಿದಾಗ ಮಂಜಿತ್ತು. ನಾನು ಹೊನ್ನಾವರದವಳು, ಶರಾವತಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ನೋಡುತ್ತಲೇ ಬೆಳೆದವಳು. ಆದರೆ ಇಷ್ಟು ದಟ್ಟವಾದ ಕಾಂಡ್ಲಾ ಕಾಡು ನೋಡಿರಲಿಲ್ಲ. ನೀರಿಳಿದ ಕೆಸರಿನಲ್ಲಿ ಉಸಿರಾಡುವ ಬೇರುಗಳು ಮೊಳೆ ಹೊಡೆದ ಹಾಗೆ ಎದ್ದು ನಿಂತಿದ್ದವು. ಅವುಗಳ ನಡುವೆ ಬೆರಳುದ್ದದ ಕೆಸರುಮೀನುಗಳು ಕುಪ್ಪಳಿಸುತ್ತಿದ್ದವು.

ಬಿಸಿಲು ಬಿದ್ದ ಮೇಲೆ ಮೊಸಳೆ ಕಂಡಿತು. ಉಪ್ಪುನೀರಿನ ಮೊಸಳೆ, ಹೆಚ್ಚುಕಡಿಮೆ ನಮ್ಮ ದೋಣಿಯ ಅರ್ಧದಷ್ಟು ಉದ್ದ. ಬಾಯಿ ತೆರೆದು ಮಲಗಿತ್ತು. ಮೈಯ ಕಾವು ಹೊರಹಾಕೋಕೆ ಹಾಗೆ ಮಾಡುತ್ತವಂತೆ. ಬೆನ್ನ ಮೇಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಇವರು ನನ್ನ ಕೈ ಗಟ್ಟಿಯಾಗಿ ಹಿಡಿದರು. ಬಳೆ ಒತ್ತಿ ನೋವಾಯಿತು, ಸುಮ್ನೆ ಇದ್ದೆ. ಅದು ಸದ್ದಿಲ್ಲದೆ ನೀರಿಗೆ ಜಾರಿತು. ಕೆಸರಲ್ಲಿ ಹೊಟ್ಟೆಯ ಗುರುತು ಮಾತ್ರ ಉಳಿಯಿತು.

ಇವು ಇಲ್ಲಿ ಅಳಿವಿನಂಚಿಗೆ ಹೋಗಿದ್ದವು. 1975ರಲ್ಲಿ ಉದ್ಯಾನದೊಳಗಿನ ಡಾಂಗಮಾಳದಲ್ಲಿ ಮೊಟ್ಟೆ ತಂದು ಮರಿ ಮಾಡಿಸಿ, ಬೆಳೆಸಿ, ನದಿಗೆ ಬಿಡೋಕೆ ಶುರು ಮಾಡಿದರು. ಆ ತಾಳ್ಮೆಗೆ ಕೈ ಮುಗಿಯಬೇಕು, ಅಲ್ವಾ?

ಹೋಗುವವರು ಮೇಯಿಂದ ಜುಲೈವರೆಗೆ ಬೇಡ, ಮೊಸಳೆಗಳು ಗೂಡು ಕಟ್ಟುವ ಕಾಲ, ಉದ್ಯಾನ ಮುಚ್ಚಿರುತ್ತದೆ.

ರಾತ್ರಿ ಡಾಂಗಮಾಳದಲ್ಲೇ ಉಳಿದೆವು. ಕಿಟಕಿಯಾಚೆ ಜಿಂಕೆಗಳು ಹುಲ್ಲು ಹರಿಯುವ ಸದ್ದು. ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ.