ಅರಮನೆ ಮೈದಾನದ ಮೆಟಾಲಿಕಾ, ಚಿಕ್ಕಪ್ಪನ ಜೊತೆ

ಬೆಂಗಳೂರಿನ ಅರಮನೆ ಮೈದಾನದಲ್ಲಿ 2011ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿದ್ದನ್ನು ಕಾಸು ಕೊಟ್ಟು ಕೊಂಡು ಕೇಳಬಹುದು ಅಂದರೆ ನಮ್ಮ ಚಿಕ್ಕಪ್ಪ ನಂಬಲಿಲ್ಲ. ಆಲ್ಬಂ ಅಲ್ಲ, ಆಯ್ದ ಹಾಡುಗಳೂ ಅಲ್ಲ. ಆ ಒಂದು ರಾತ್ರಿ ಪೂರ್ತಿ.

"ಅದನ್ನ ಯಾರಪ್ಪಾ ಕೊಳ್ತಾರೆ?" ಅಂದರು.

"ನಾನೇ ಕೊಂಡಿದ್ದೀನಿ" ಅಂದೆ.

ಈ ಪ್ರಶ್ನೆ ಕೇಳುವ ಹಕ್ಕು ಅವರಿಗಂತೂ ಇರಲಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿಗಳಿಗೆ ಪ್ರತಿ ವರ್ಷ ಹೋಗಿ, ಚೀಲದೊಳಗೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದ ಮನುಷ್ಯ ಇವರು. ಅವರದೇ ಒಂದು ಬಳಗವೂ ಇತ್ತು. ಒಬ್ಬರ ತೋಡಿಗೆ ಇನ್ನೊಬ್ಬರ ಕಾಂಬೋಧಿ. ದುಡ್ಡಿನ ಮಾತೇ ಇಲ್ಲ, ಬರೀ ಅದಲು ಬದಲು. ಅವರ ಮಂಚದ ಕೆಳಗೆ ಈಗಲೂ ಕ್ಯಾಸೆಟ್ ತುಂಬಿದ ಟ್ರಂಕ್ ಇದೆ. ಮುಟ್ಟಿದರೆ ಬೈಗುಳ ಗ್ಯಾರಂಟಿ.

ಹೀಗಾಗಿ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ, ಲ್ಯಾಪ್‌ಟಾಪಿಗೆ ಒಳ್ಳೆಯ ಸ್ಪೀಕರ್ ಸಿಕ್ಕಿಸಿ ಇಬ್ಬರೂ ಕೂತೆವು. ಚಿಕ್ಕಮ್ಮ ಬಾಗಿಲು ಎಳೆದುಕೊಂಡು ಮಲಗಲು ಹೋದರು. ಅವರ ನಿರ್ಧಾರ ಸರಿಯಾಗೇ ಇತ್ತು.

ಶುರುವಾಗಿದ್ದು ಇಟಲಿಯ ಸಿನಿಮಾ ಸಂಗೀತಗಾರ ಮೊರಿಕೋನೆಯ ಸಂಗೀತದಿಂದ. 1966ರ ಕೌಬಾಯ್ ಸಿನಿಮಾದ ಆ ತುಣುಕನ್ನು ಹಾಕಿಯೇ ಮೆಟಾಲಿಕಾ ದಶಕಗಳಿಂದ ವೇದಿಕೆ ಹತ್ತುವುದು. ಜನರ ಕೂಗು ಏರಿತು. ಚಿಕ್ಕಪ್ಪ ತಲೆ ಅಲ್ಲಾಡಿಸುತ್ತಾ, "ಇದು ಚೆನ್ನಾಗಿದೆ" ಅಂದರು. ಡ್ರಮ್ಸ್ ಬಿದ್ದ ಕೂಡಲೇ ವಾಲ್ಯೂಮ್ ಕಮ್ಮಿ ಮಾಡಿಸಿದರು.

ಆದರೂ ಎದ್ದು ಹೋಗಲಿಲ್ಲ. ರೆಕಾರ್ಡಿಂಗ್ ಹೇಗೆ ಮಾಡಿದ್ದಾರೆ ಅನ್ನುವ ಕುತೂಹಲ ಅವರಿಗೆ. ನನಗೆ ಗೊತ್ತಿದ್ದಷ್ಟು ಹೇಳಿದೆ. ವೇದಿಕೆಯ ಪ್ರತಿ ಮೈಕಿನ ಸಿಗ್ನಲ್ ಕವಲೊಡೆಯುತ್ತದೆ. ಒಂದು ಜನರಿಗೆ ಕೇಳಿಸುವ ಸ್ಪೀಕರುಗಳಿಗೆ, ಒಂದು ನುಡಿಸುವವರಿಗೆ, ಇನ್ನೊಂದು ರೆಕಾರ್ಡಿಂಗಿಗೆ. ಗಿಟಾರ್, ಬಾಸ್, ಗಂಟಲು, ಪ್ರತಿಯೊಂದೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೂರುತ್ತದೆ. ಜನರ ಸದ್ದಿಗೆ ಅಂತ ವೇದಿಕೆಯ ಅಂಚಿನಲ್ಲಿ ಮೈದಾನದ ಕಡೆ ಮುಖ ಮಾಡಿದ ಬೇರೆ ಮೈಕುಗಳಿರುತ್ತವೆ. ಆಮೇಲೆ ಎಲ್ಲವನ್ನೂ ಹದವಾಗಿ ಬೆರೆಸುತ್ತಾರೆ. ಮೆಟಾಲಿಕಾ 2004ರಿಂದ ತನ್ನ ಪ್ರತಿ ಪ್ರವಾಸದ ಕಾರ್ಯಕ್ರಮಗಳನ್ನು ಹೀಗೆ ಮಾರುತ್ತಿದೆ.

ಇದೇ ಮೆಟಾಲಿಕಾ 2000ದಲ್ಲಿ, ಇಂಟರ್ನೆಟ್ಟಿನಲ್ಲಿ ಜನ ಪುಕ್ಕಟೆ ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಮೇಲೆ ಕೇಸ್ ಹಾಕಿ ಅರ್ಧ ಜಗತ್ತಿನ ಬೈಗುಳ ತಿಂದಿತ್ತು, ನೆನಪಿದೆಯಾ? ಆದರೆ ಅದಕ್ಕೂ ಮುಂಚೆ, ತೊಂಬತ್ತರ ದಶಕದಲ್ಲಿ, ಟೇಪ್ ಮಾಡಿಕೊಳ್ಳುವವರಿಗೆ ತಮ್ಮ ಕಾರ್ಯಕ್ರಮದಲ್ಲಿ ಪ್ರತ್ಯೇಕ ಜಾಗವನ್ನೂ ಕೊಟ್ಟಿದ್ದರು. ಮೂಲತಃ ಅವರೂ ಕ್ಯಾಸೆಟ್ ಬದಲಾಯಿಸಿಕೊಳ್ಳುವ ಹುಡುಗರ ನಡುವೆ ಬೆಳೆದವರೇ ಅಲ್ವಾ.

ಟೇಪ್ ಮಾಡುವವರಿಗೆ ಜಾಗ ಕೊಡುವುದರಲ್ಲಿ ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ಬ್ಯಾಂಡಿನವರು ಇವರಿಗಿಂತ ಹಿರಿಯರು. 1984ರಲ್ಲೇ ಅವರು ಸದ್ದು ಬೆರೆಸುವ ಸೌಂಡ್ ಬೋರ್ಡಿನ ಹಿಂದೆ ಟೇಪ್ ಮಾಡುವವರಿಗೆ ಸೀಟು ಮೀಸಲಿಟ್ಟರು. ಹಂಚಿಕೊಳ್ಳಿ, ಮಾರಬೇಡಿ, ಅಷ್ಟೇ ಷರತ್ತು. ಹಾಗೆ ಟೇಪ್ ಅದಲು ಬದಲು ಮಾಡುತ್ತಿದ್ದ ಡಿಕ್ ಲಾಟ್ವಾಲಾ ಎಂಬ ಅಭಿಮಾನಿಯೇ ಮುಂದೆ ಬ್ಯಾಂಡಿನ ಟೇಪ್ ಭಂಡಾರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. 1993ರಿಂದ ಅವನ ಹೆಸರಿನಲ್ಲೇ ಹಳೆಯ ಕಾರ್ಯಕ್ರಮಗಳು ಒಂದೊಂದಾಗಿ ಬಂದವು. 1999ರಲ್ಲಿ ಅವನು ತೀರಿಕೊಂಡ ಮೇಲೂ ಸರಣಿ ನಿಲ್ಲಲಿಲ್ಲ. ಒಟ್ಟು 36 ಸಂಪುಟ.

ಇದನ್ನು ಕೇಳಿ ಚಿಕ್ಕಪ್ಪ ನೆಟ್ಟಗೆ ಕೂತರು. "ಸಂಬಳ ಕೊಟ್ಟು?" ಅಂತ ಕೇಳಿದರು. ಹೌದು, ಸಂಬಳ ಕೊಟ್ಟು. ಆ ಮೇಲೆ ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಯಾವ ಸಭೆಯೂ ಅವರನ್ನು ಕರೆದು ಕೆಲಸ ಕೊಟ್ಟಿರಲಿಲ್ಲ, ಪಾಪ.

ಪರ್ಲ್ ಜ್ಯಾಮ್ ಅನ್ನುವ ಇನ್ನೊಂದು ಅಮೆರಿಕದ ಬ್ಯಾಂಡಿನ ಕಥೆ ಇನ್ನೂ ಮಜ. ಅಭಿಮಾನಿಗಳು ಕೆಟ್ಟ ಕಳ್ಳ ರೆಕಾರ್ಡಿಂಗುಗಳಿಗೆ ಸಿಕ್ಕಾಪಟ್ಟೆ ದುಡ್ಡು ಸುರಿಯುವುದನ್ನು ನೋಡಿ, ನಾವೇ ಕೊಡೋಣ ಅಂತ ಹೊರಟರು. 2000ದ ಸೆಪ್ಟೆಂಬರ್‌ನಲ್ಲಿ ಯುರೋಪಿನ 25 ಕಾರ್ಯಕ್ರಮಗಳು ಒಂದೇ ದಿನ ಅಂಗಡಿಗೆ ಬಂದವು. ಕಂದು ರಟ್ಟಿನ ಸಾದಾ ಕವರು. ಅಮೆರಿಕದ್ದೂ ಸೇರಿ ಆ ಪ್ರವಾಸದ್ದು 72 ಆಯಿತು. ಡೆನ್ಮಾರ್ಕಿನ ರೋಸ್ಕಿಲ್ಡೆಯದು ಮಾತ್ರ ಬರಲಿಲ್ಲ. ಅಲ್ಲಿ ಇವರು ನುಡಿಸುತ್ತಿದ್ದಾಗಲೇ ನೂಕುನುಗ್ಗಲಿಗೆ ಸಿಕ್ಕಿ 9 ಜನ ಸತ್ತರು.

ಇಷ್ಟೆಲ್ಲಾ ಹೇಳುವಷ್ಟರಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಇಡೀ ಮೈದಾನ "ಮಾಸ್ಟರ್! ಮಾಸ್ಟರ್!" ಅಂತ ಅರಚುವ ಹಾಡು. "ಇಲ್ಲಿ ನಾನೂ ಇದ್ದೀನಿ, ಕೇಳಿ" ಅಂತ ವಾಲ್ಯೂಮ್ ಏರಿಸಿದೆ. ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳಿ, "ಎಲ್ಲಿ ನಿಂತಿದ್ದೆ?" ಅಂದರು. ಹಿಂದೆ, ಬಹಳ ಹಿಂದೆ. "ಹಾಗಾದ್ರೆ ಇದರಲ್ಲಿ ನೀನಿಲ್ಲ ಬಿಡು. ಇವರು ತಾಳಕ್ಕೆ ಸರಿಯಾಗಿ ಕೂಗ್ತಿದ್ದಾರೆ."

ಮಾತು ನಿಜ. ಸ್ಪೀಕರಿನಿಂದ 100 ಮೀಟರ್ ದೂರ ನಿಂತವನಿಗೆ ಸದ್ದು ಮುಟ್ಟಲು ಸುಮಾರು 0.3 ಸೆಕೆಂಡ್ ಬೇಕು. ಅವನ ಕೂಗು ವೇದಿಕೆಗೆ ವಾಪಸ್ ಬರಲು ಇನ್ನೊಂದು 0.3. ಅಷ್ಟರಲ್ಲಿ ಇಂಥ ವೇಗದ ಹಾಡಿನಲ್ಲಿ ತಾಳ ಎರಡು ಏಟು ಮುಂದೆ ಹೋಗಿರುತ್ತದೆ. ಮೈಕಿಗೆ ಸ್ಪಷ್ಟವಾಗಿ ಸಿಗುವುದು ಮುಂದಿನ ಸಾಲಿನವರ ಗಂಟಲು. ನಮ್ಮಂಥ ಹಿಂದಿನವರದು ಬರೀ ಗುಂಯ್ ಅನ್ನುವ ಗದ್ದಲ.

ಸುಮ್ನೆ ಸೋಲೊಪ್ಪಲು ಮನಸ್ಸಾಗದೆ, ಆ ರಾತ್ರಿ ಗೆಳೆಯನೊಬ್ಬ ಫೋನಿನಲ್ಲಿ ಹಿಡಿದಿದ್ದ ತುಣುಕನ್ನು ಹುಡುಕಿ ಹಾಕಿದೆ. ಗಿಟಾರೆಲ್ಲ ಒಡೆದ ತಗಡು. ಅದರ ಮೇಲೆ ನನ್ನ ಗಂಟಲು, ಪಕ್ಕದಲ್ಲಿ ಯಾರೋ "ಲೋ ಮಗಾ, ನೀರು ಕೊಡೋ" ಅನ್ನುವುದು.

ಚಿಕ್ಕಪ್ಪನಿಗೆ ಇದೇ ಹಿಡಿಸಿತು. ಕಛೇರಿ ಅಂದ ಮೇಲೆ ಪಕ್ಕದವರ ಕೆಮ್ಮು, ಮಗುವಿನ ಅಳು, ಕ್ಯಾಂಟೀನ್ ಕಡೆಯ ಸದ್ದು ಎಲ್ಲವೂ ಇರಬೇಕು, ಬೋರ್ಡಿನಿಂದ ಇಳಿಸಿಕೊಂಡಿದ್ದು ರೇಡಿಯೋ ಇದ್ದ ಹಾಗೆ ಅನ್ನುವುದು ಅವರ ವಾದ.

ನಾನು ಒಪ್ಪುವುದಿಲ್ಲ. ಅವತ್ತು ಮೈದಾನದಲ್ಲಿ ಮೆಟಾಲಿಕಾದ ರಾಬರ್ಟ್ ಟ್ರುಹಿಯೋನ ಬಾಸ್ ಗಿಟಾರ್ ನನಗೆ ಎದೆಗೆ ಗುದ್ದುವ ಸದ್ದಾಗಿ ಬಂತೇ ಹೊರತು ಒಂದು ಸ್ವರವೂ ಬಿಡಿಸಿ ಕೇಳಿಸಲಿಲ್ಲ. ಈಗ ಬೆರಳು ತಂತಿಗೆ ತಾಗುವುದು ಕೂಡ ಗೊತ್ತಾಗುತ್ತದೆ. ನಾನಿದ್ದ ಕಾರ್ಯಕ್ರಮದಲ್ಲಿ ನನಗೆ ಸಿಗದೇ ಹೋದದ್ದಕ್ಕೆ ದುಡ್ಡು ಕೊಟ್ಟಿದ್ದೇನೆ. ಅದರಲ್ಲಿ ನಷ್ಟವೇನು?

ಚಿಕ್ಕಪ್ಪ ಕೊನೆಯ ಹಾಡಿನ ತನಕ ಕೂತಿದ್ದರು. ಆಮೇಲೆ, ಎರಡು ದಿನ ಮುಂಚೆ ದೆಹಲಿ ಕಡೆಯೂ ಇತ್ತಂತಲ್ಲ, ಅದೂ ಇದೆಯಾ ಅಂದರು. ಅದು ನಡೆಯಲೇ ಇಲ್ಲ, ಗುರುಗ್ರಾಮದಲ್ಲಿ ಕೊನೆ ಗಳಿಗೆಯಲ್ಲಿ ರದ್ದಾಗಿ ಜನ ವೇದಿಕೆಗೇ ನುಗ್ಗಿದ್ದರು ಅಂದೆ.

"ಛೇ, ಅದನ್ನಾದ್ರೂ ಯಾರಾದ್ರೂ ಟೇಪ್ ಮಾಡಿರಬೇಕು, ವಿಚಾರಿಸು" ಅಂದರು.