ಯಾವ್ದು ಬೇಕಂತ ಕೇಳಾಕತ್ತೈತ್ರಿ

ಗಂಗಾವತಿಯಲ್ಲಿರುವ ನಮ್ಮ ಸೋದರಮಾವನ ರೈಸ್ ಮಿಲ್ಲಿನ ತೂಕದ ಕೋಣೆಯಿಂದ ಮೊನ್ನೆ ಸೋಮವಾರ ಬೆಳಗಿನ ಆರು ಗಂಟೆಗೆ ಫೋನು ಬಂತು. "ಕರೆಂಟ್ ಹೋಗಿ ಬಂತ್ರಿ ಸರ. ಅದು ಯಾವ್ದು ಬೇಕಂತ ಕೇಳಾಕತ್ತೈತ್ರಿ, ನಾ ಏನಂತ ಹೇಳ್ಲಿ?" ಎಂದ ಹುಡುಗನ ಹಿಂದೆ ಭತ್ತದ ಟ್ರ್ಯಾಕ್ಟರುಗಳ ಹಾರನ್ ಕೇಳಿಸುತ್ತಿತ್ತು. ಮಾವ ಫೋನು ಕಸಿದುಕೊಂಡು, ಇವನಿಗೆ ಇನ್ನೂ ನಿದ್ದೆಗಣ್ಣು ಎಂದು ಬೈದರು. ಮಾವ ಕೆಟ್ಟವರಲ್ಲ, ಯಂತ್ರ ನಿಂತರೆ ಅದರ ಪಕ್ಕದಲ್ಲಿದ್ದವರನ್ನು ಬೈಯುವ ಜಾಯಮಾನದವರು.

ಎರಡು ವರ್ಷದ ಹಿಂದೆ ಆ ತೂಕದ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿದವನು ನಾನು. ಎರಡರಲ್ಲಿ ಯಾವುದನ್ನು ಎಬ್ಬಿಸಲಿ ಎಂದು ಕೇಳುವ ಗ್ರಬ್ ಎಂಬ ಬೂಟ್ ಮ್ಯಾನೇಜರ್ ಸಾಮಾನ್ಯವಾಗಿ ಕೆಲವು ಸೆಕೆಂಡು ಕಾದು ತಾನೇ ಒಂದನ್ನು ಆರಿಸಿಕೊಳ್ಳುತ್ತದೆ; ನನಗೆ ಅವಸರವಾಗಬಾರದೆಂದು ಅದರ ಟೈಮ್‌ಔಟನ್ನು -1 ಎಂದು ಬರೆದಿದ್ದೆ, ಅಂದರೆ ಉತ್ತರ ಸಿಗುವವರೆಗೂ ಕಾಯುತ್ತಿರು ಎಂದು. ಕರೆಂಟ್ ಮರಳಿದೊಡನೆ ಯಂತ್ರ ತಾನಾಗಿ ಶುರುವಾಗುವಂತೆ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ, ಏರ್ಪಡಿಸಿದ್ದವನೂ ನಾನೇ. ಕಳೆದ ತಿಂಗಳು ಬಿಟ್ಟುಹೋದ ಗುಮಾಸ್ತರಿಗೆ ಗ್ರಬ್ ತೋರಿಸುವ ಪಟ್ಟಿಯ ಕೊನೆಯ ಸಾಲು, ಅಂದರೆ ತೂಕದ ಕೆಲಸ ನಡೆಯುವ ವಿಂಡೋಸನ್ನು, ಆರಿಸುವುದು ರೂಢಿಯಾಗಿತ್ತು. ಇಂಗ್ಲಿಷ್ ಓದಲು ಬಾರದ ಈ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾ ಏನಂತ ಹೇಳ್ಲಿ? ಆ ಪ್ರಶ್ನೆ ಅವನಿಗೆಂದು ಇಟ್ಟದ್ದೇ ಅಲ್ಲ. ನಮ್ಮ ಅನುಕೂಲಕ್ಕೆ ಯಂತ್ರಗಳನ್ನು ಪಳಗಿಸಿ, ನಾವು ಊರು ಬಿಟ್ಟ ಮೇಲೆ ಅವುಗಳೆದುರು ಇನ್ನೊಬ್ಬರನ್ನು ಕೂರಿಸುವ ನನ್ನಂಥವರು ಎಲ್ಲ ಅಂಗಡಿ, ಕಚೇರಿಗಳಲ್ಲೂ ಒಂದಿಷ್ಟು ಗುರುತು ಉಳಿಸಿರುತ್ತೇವೆ.

ಅಂದೇ ಮಧ್ಯಾಹ್ನ ಕೊಪ್ಪಳದಿಂದ ಬಸ್ಸು ಹಿಡಿದು ಹೋದೆ. ಟೈಮ್‌ಔಟನ್ನು ಸೊನ್ನೆ ಮಾಡಿ, ತಾನಾಗಿ ತೆರೆಯುವ ಸಾಲಾಗಿ ವಿಂಡೋಸನ್ನು ಗೊತ್ತುಮಾಡಿದ್ದರೆ ಸಾಕಿತ್ತು. ನಾಚಿಕೆಯ ಭರದಲ್ಲಿ ಉಬುಂಟುವಿನ ಪಾರ್ಟಿಷನ್ನನ್ನೇ, ಅಂದರೆ ಡಿಸ್ಕಿನಲ್ಲಿ ಅದಿದ್ದ ಭಾಗವನ್ನೇ, ಅಳಿಸಿಬಿಟ್ಟೆ. ಮತ್ತೆ ಚಾಲೂ ಮಾಡಿದರೆ ಒಂದು ಎರರ್ ಸಾಲು, ಅದರ ಕೆಳಗೆ 'ಗ್ರಬ್ ರೆಸ್ಕ್ಯೂ', ಅಷ್ಟೇ. ಡಿಸ್ಕಿನ 512 ಬೈಟಿನ ಮೊದಲ ಸೆಕ್ಟರಿನಲ್ಲಿ, ಅಂದರೆ ಯಂತ್ರ ಶುರುವಾದಾಗ ಡಿಸ್ಕಿನಲ್ಲಿ ಮೊದಲು ಓದುವ ಪುಟ್ಟ ಜಾಗದಲ್ಲಿ, ಇರುವುದು ಗ್ರಬ್‌ನ ಹೊಸ್ತಿಲು ಮಾತ್ರ. ಪಟ್ಟಿ ಮತ್ತು ಉಳಿದ ಫೈಲುಗಳಿದ್ದ ಮನೆಯನ್ನು ನಾನು ಕೆಡವಿದ್ದೆ. ಹುಡುಗ ಇಣುಕಿ ನೋಡಿ, "ಈಗೇನು ಕೇಳಾಕತ್ತೈತ್ರಿ?" ಎಂದ. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಕೊನೆಗೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಕಮಾಂಡ್ ಪ್ರಾಂಪ್ಟ್ ತೆರೆದು, ಬೂಟ್‌ರೆಕ್ ಕಮಾಂಡಿಗೆ ಫಿಕ್ಸ್‌ಎಂಬಿಆರ್ ಸೇರಿಸಿ ಕೊಟ್ಟ ಮೇಲೆ ಆ ಸೆಕ್ಟರಿಗೆ ವಿಂಡೋಸಿನ ಕೋಡ್ ಮರಳಿತು. ಮೇನ್ ಸ್ವಿಚ್ ಇಳಿಸಿ ಏರಿಸಿದೆವು. ಯಾರನ್ನೂ ಏನನ್ನೂ ಕೇಳದೆ ತೂಕದ ಪರದೆ ಬಂದು ನಿಂತಿತು.

ಮಾವ ನನಗೆ ಚಹಾ ತರಿಸಿ, ಹುಡುಗನಿಗೆ ಇನ್ನಾದರೂ ನಿದ್ದೆ ಕಡಿಮೆ ಮಾಡು ಎಂದರು. ಆ -1 ಬರೆದವನು ನಾನೆಂದು ಅವರಿಗೆ ಇನ್ನೂ ಹೇಳಿಲ್ಲ.